ಕೋರ್ಟ್ ಹೇಳಿದ ಮಾತ್ರೆ, ಡಾಕ್ಟರ್ ಬರೆದ ಇಂಜೆಕ್ಷನ್: ಕುಡಿದು ಕಾರು ಓಡಿಸಿ ಎರಡನೇ ಸಲ ಸಿಕ್ಕಿಬಿದ್ದವರೊಬ್ಬರ ಪ್ರಕರಣ

ಇದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಕೌಂಟಿಯ ಡಿಡಬ್ಲ್ಯುಐ ಕೋರ್ಟಿನಲ್ಲಿ, ಅಂದರೆ ಕುಡಿದು ವಾಹನ ಓಡಿಸಿದವರಿಗೆ ಅಂತಲೇ ಇರುವ ಕೋರ್ಟಿನಲ್ಲಿ, ನಡೆದದ್ದು. ಆ ಕೋರ್ಟಿನ ತಂಡಕ್ಕೆ ಚಿಕಿತ್ಸೆಯ ಕಡೆಯಿಂದ ಹೋಗುವ ಕೌನ್ಸೆಲರ್‌ಗಳಲ್ಲಿ ನಾನೂ ಒಬ್ಬ. ಹೆಸರು, ಕೆಲಸ, ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಮೋಹನ್ ಎಂದೂ ಅವರ ಹೆಂಡತಿಯನ್ನು ಸುಧಾ ಎಂದೂ ಕರೆಯುತ್ತೇನೆ. ಇಬ್ಬರೂ ಕರ್ನಾಟಕದವರು. ಕೋರ್ಟಿನಲ್ಲಿ ಇಂಗ್ಲಿಷ್, ನನ್ನ ಕೋಣೆಯಲ್ಲಿ ಕನ್ನಡ. ಹಾಗಾಗಿ ಕೋರ್ಟಿಗೆ ಕೇಳಿಸದ ಕೆಲವು ಮಾತು ನನಗೆ ಕೇಳಿಸಿತು.

ಹಿನ್ನೆಲೆ

ಮೊದಲು ಈ ಕೋರ್ಟ್ ಏನು ಅಂತ ಹೇಳಿಬಿಡುತ್ತೇನೆ. 1989ರಲ್ಲಿ ಮಯಾಮಿಯಲ್ಲಿ ಮೊದಲ ಡ್ರಗ್ ಕೋರ್ಟ್ ಶುರುವಾಯಿತು. ಅದೇ ಮಾದರಿಯನ್ನು ಕುಡಿದು ವಾಹನ ಓಡಿಸುವವರಿಗೆ ಅಂತಲೇ ಹೊಂದಿಸಿ 1995ರಲ್ಲಿ ನ್ಯೂ ಮೆಕ್ಸಿಕೋದ ಲಾಸ್ ಕ್ರೂಸಸ್‌ನಲ್ಲಿ ಒಂದು ಕೋರ್ಟ್ ಮಾಡಿದರು. ಈಗ ದೇಶದ ತುಂಬಾ ಇವೆ. ಇಲ್ಲಿಗೆ ಬರುವವರು ಹೆಚ್ಚಾಗಿ ಎರಡನೇ, ಮೂರನೇ ಸಲ ಸಿಕ್ಕಿಬಿದ್ದವರು. ಜೈಲಿಗೆ ಬದಲು ಒಂದೂವರೆ ವರ್ಷದ ಚಿಕಿತ್ಸೆ. ಎರಡು ವಾರಕ್ಕೊಮ್ಮೆ ಜಡ್ಜ್ ಮುಂದೆ ಹಾಜರಿ. ಅದಕ್ಕೂ ಮುಂಚೆ ಜಡ್ಜ್, ಸರ್ಕಾರಿ ವಕೀಲರು, ಆರೋಪಿಯ ವಕೀಲರು, ಷರತ್ತು ಪಾಲಿಸುತ್ತಿದ್ದಾರಾ ಅಂತ ನೋಡುವ ಪ್ರೊಬೇಷನ್ ಅಧಿಕಾರಿ, ಕೌನ್ಸೆಲರ್ ಎಲ್ಲ ಒಂದು ಮೇಜಿನ ಸುತ್ತ ಕೂತು ಒಬ್ಬೊಬ್ಬರ ವಿಷಯವನ್ನೂ ಚರ್ಚಿಸುತ್ತಾರೆ. ತೀರ್ಮಾನ ಅಲ್ಲೇ ಆಗುವುದು. ಕೋರ್ಟ್ ಹಾಲ್‌ನಲ್ಲಿ ಓದಿ ಹೇಳುವುದಷ್ಟೇ.

ಮೋಹನ್‌ಗೆ 46 ವರ್ಷ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಗ್ರೀನ್ ಕಾರ್ಡ್ ಇದೆ. ಮೊದಲ ಸಲ ಸಿಕ್ಕಿಬಿದ್ದಾಗ ದಂಡ ಕಟ್ಟಿ, ಒಂದು ವಾರಾಂತ್ಯದ ತರಗತಿಗೆ ಹೋಗಿ ಮುಗಿಸಿದ್ದರು. ನಾಲ್ಕು ವರ್ಷದ ನಂತರ ಎರಡನೇ ಸಲ. ಅದು ರಾತ್ರಿಯಲ್ಲ, ಬೆಳಿಗ್ಗೆ ಎಂಟೂಕಾಲು. ಆಫೀಸಿಗೆ ಹೊರಟಿದ್ದರು. ಇಸ್ತ್ರಿ ಮಾಡಿದ ಅಂಗಿ, ಪಕ್ಕದ ಸೀಟಿನಲ್ಲಿ ಊಟದ ಡಬ್ಬಿ. ಸಿಗ್ನಲ್‌ನಲ್ಲಿ ಮುಂದಿನ ಕಾರಿಗೆ ಸ್ವಲ್ಪ ತಾಗಿಸಿದರು. ಪೊಲೀಸರು ಊದಿಸಿದಾಗ 0.14 ಬಂತು. ಅಲ್ಲಿನ ಮಿತಿ 0.08, ಅಂದರೆ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್.

‘ನಾನು ಕುಡಿದಿರಲೇ ಇಲ್ಲ, ಹಿಂದಿನ ರಾತ್ರಿ ಒಂದು ಗಂಟೆಗೇ ನಿಲ್ಲಿಸಿದ್ದೆ’ ಎಂದು ಅವರು ಬಹಳ ದಿನ ಹೇಳುತ್ತಿದ್ದರು. ಸುಳ್ಳಲ್ಲ. ಆದರೆ ಲೆಕ್ಕ ಹಾಕಿ ನೋಡಿ. ದೇಹ ಗಂಟೆಗೆ ಸುಮಾರು 0.015ರಷ್ಟು ಆಲ್ಕೋಹಾಲ್ ಕರಗಿಸುತ್ತದೆ. ಏಳು ಗಂಟೆಯ ನಂತರವೂ 0.14 ಇದೆ ಅಂದರೆ ಮಲಗುವಾಗ 0.24ರ ಆಸುಪಾಸು ಇತ್ತು. ಅಭ್ಯಾಸ ಇಲ್ಲದವರು ಆ ಮಟ್ಟದಲ್ಲಿ ಎದ್ದು ನಿಲ್ಲುವುದೇ ಕಷ್ಟ. ಇವರು ಅಲಾರಂ ಇಟ್ಟು ಎದ್ದು, ಸ್ನಾನ ಮಾಡಿ, ದೇವರಿಗೆ ಕೈಮುಗಿದು ಹೊರಟಿದ್ದರು. ನಾಲಿಗೆ ತೊದಲದೆ ಪೊಲೀಸರ ಜೊತೆ ಮಾತಾಡಿದ್ದರು. ಕುಡಿತಕ್ಕೆ ದೇಹ ಎಷ್ಟು ಒಗ್ಗಿಹೋಗಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿರಲಿಲ್ಲ.

ಅವರಿಗೆ ಜೈಲಿಗಿಂತ ಜಾಸ್ತಿ ಭಯ ಇದ್ದದ್ದು ಪೌರತ್ವದ ಬಗ್ಗೆ. 2019ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಕೊಟ್ಟ ತೀರ್ಮಾನವೊಂದರ ಪ್ರಕಾರ, ಲೆಕ್ಕಕ್ಕೆ ಬರುವ ಅವಧಿಯಲ್ಲಿ ಇಂಥ ಎರಡು ಶಿಕ್ಷೆ ಇದ್ದರೆ ಒಳ್ಳೆಯ ನಡತೆ ಇಲ್ಲ ಅಂತಲೇ ಮೊದಲಿಗೆ ಹಿಡಿಯುತ್ತಾರೆ. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿ ಹಾಕಿದವರದ್ದು. ಈ ಭಯದಿಂದಲೇ ಅವರು ಕೋರ್ಟ್ ಕೇಳಿದ್ದಕ್ಕೆಲ್ಲ ತಲೆಯಾಡಿಸಿದರು.

ಸಮಸ್ಯೆ ಎಲ್ಲಿ ಹುಟ್ಟಿತು

ಆದೇಶದಲ್ಲಿ ಮಾಮೂಲಿ ಷರತ್ತುಗಳಿದ್ದವು. ಒಂದು ಹನಿಯೂ ಕುಡಿಯಬಾರದು. 90 ದಿನ ಕಾಲಿಗೆ ಪಟ್ಟಿ. ಆ ಪಟ್ಟಿ ಅರ್ಧ ಗಂಟೆಗೊಮ್ಮೆ ಬೆವರಿನಲ್ಲಿ ಆಲ್ಕೋಹಾಲ್ ಇದೆಯಾ ಅಂತ ನೋಡುತ್ತದೆ. ಕಾರಿಗೆ ಇಂಟರ್‌ಲಾಕ್, ಅಂದರೆ ಊದಿ ಪಾಸಾದರೆ ಮಾತ್ರ ಎಂಜಿನ್ ಶುರು. ವಾರಕ್ಕೆ ಮೂರು ದಿನ ಗುಂಪು ಚಿಕಿತ್ಸೆ. ಕೊನೆಯಲ್ಲಿ ಒಂದು ಸಾಲು: ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳತಕ್ಕದ್ದು.

ಆ ಸಾಲು ಬಂದದ್ದು ಡಾಕ್ಟರ್ ಕಡೆಯಿಂದ ಅಲ್ಲ. ತಂಡದಲ್ಲಿ ಹಿಂದೊಮ್ಮೆ ಯಾರಿಗೋ ಅದರಿಂದ ಒಳ್ಳೆಯದಾಗಿತ್ತು, ಅದು ಎಲ್ಲರಿಗೂ ನೆನಪಿತ್ತು. ಸರ್ಕಾರಿ ವಕೀಲರಿಗಂತೂ ಆ ಮಾತ್ರೆ ಅಂದರೆ ಇಷ್ಟ. ಕುಡಿದರೆ ತಕ್ಷಣ ಶಿಕ್ಷೆ ಆಗುತ್ತದೆ, ಅದೂ ಕೋರ್ಟಿಗೆ ಖರ್ಚಿಲ್ಲದೆ! ಡಾಕ್ಟರ್ ಹತ್ತಿರ ಮೋಹನ್ ಹೋದಾಗ ಚೀಟಿಯಲ್ಲಿ ಮದ್ದಿನ ಹೆಸರು ಆಗಲೇ ಇತ್ತು. ಅವರು ಲಿವರ್ ಪರೀಕ್ಷೆ ಮಾಡಿಸಿದರು. ಸ್ವಲ್ಪ ಏರಿದ್ದರೂ ಕೊಡಬಾರದು ಅನ್ನುವಷ್ಟಲ್ಲ. ದಿನಕ್ಕೆ 250 ಮಿಲಿಗ್ರಾಂ ಬರೆದರು.

ಡೈಸಲ್ಫಿರಾಂ ಹಳೆಯ ಮದ್ದು. ಡೆನ್ಮಾರ್ಕಿನಲ್ಲಿ 1940ರ ದಶಕದಲ್ಲಿ ಅದರ ಗುಣ ಗೊತ್ತಾಯಿತು. ಆಲ್ಕೋಹಾಲ್ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ. ಅದನ್ನು ಮುಂದೆ ಕರಗಿಸುವ ಕಿಣ್ವವನ್ನು ಈ ಮಾತ್ರೆ ತಡೆಯುತ್ತದೆ. ವಿಷ ಮೈಯಲ್ಲೇ ಉಳಿಯುತ್ತದೆ. ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ, ತಲೆ ಸಿಡಿತ, ಬಿಪಿ ಇಳಿಯುತ್ತದೆ. ಕುಡಿಯಬೇಕು ಅನ್ನುವ ಆಸೆಯನ್ನು ಅದು ಮುಟ್ಟುವುದೇ ಇಲ್ಲ. ಕೆಲಸ ಮಾಡುವುದು ಭಯ. ಹಾಗಾಗಿಯೇ ರೋಗಿಗೆ ಯಾವ ಮಾತ್ರೆ ಅಂತ ಗೊತ್ತಿದ್ದು, ಎದುರಿಗೆ ನಿಂತು ನುಂಗಿಸಿದ ಅಧ್ಯಯನಗಳಲ್ಲಿ ಅದರ ಫಲಿತಾಂಶ ಚೆನ್ನಾಗಿದೆ. ಯಾವ ಮಾತ್ರೆ ಅಂತ ಗೊತ್ತಿಲ್ಲದೆ ಕೊಟ್ಟಾಗ ಮದ್ದೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚಿನದೇನೂ ಕಾಣುವುದಿಲ್ಲ.

ವಾರಕ್ಕೆ ಮೂರು ದಿನ ಪ್ರೊಬೇಷನ್ ಕಚೇರಿಯಲ್ಲಿ ಅಧಿಕಾರಿಯ ಎದುರು ನುಂಗಬೇಕು. ಉಳಿದ ನಾಲ್ಕು ದಿನ? ಮನೆಯಲ್ಲಿ ಸುಧಾ ಕೊಟ್ಟು, ಒಂದು ಹಾಳೆಯಲ್ಲಿ ಟಿಕ್ ಹಾಕಿ ಸಹಿ ಮಾಡಬೇಕು. ತಂಡದವರಿಗೆ ಇದು ಬಲು ಸುಲಭದ ವ್ಯವಸ್ಥೆ ಅನ್ನಿಸಿತು.

ಸುಧಾ ಒಂದು ದಿನ ನನ್ನ ಹತ್ತಿರ ಬೇರೆಯೇ ವಿಷಯ ಕೇಳಿದರು. ‘ನಮ್ಮತ್ತೆ ಊರಿಂದ ಯಾರ ಕೈಲೋ ಒಂದು ಪುಡಿ ಕಳಿಸ್ತೀನಿ ಅಂತಿದಾರೆ. ಕಾಫಿಗೆ ಹಾಕಿದ್ರೆ ಇವರಿಗೆ ಗೊತ್ತೇ ಆಗಲ್ವಂತೆ, ತಾನಾಗೇ ಕುಡಿತ ಬಿಡ್ತಾರಂತೆ. ಕೊಡಬಹುದಾ?’ ಬೇಡವೇ ಬೇಡ ಅಂದೆ. ನಮ್ಮಲ್ಲಿ ಗೋಡೆ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ ಜಾಹೀರಾತು ಹಾಕಿ ಮಾರುವ ಆ ಪುಡಿಗಳಲ್ಲಿ ಏನಿದೆ ಅಂತ ಹೇಳಲಾಗದು. ಅದರಲ್ಲಿ ಡೈಸಲ್ಫಿರಾಂ ಏನಾದರೂ ಇದ್ದರೆ, ಮೊದಲೇ ಆ ಮಾತ್ರೆ ನುಂಗುತ್ತಿರುವವರಿಗೆ ಲೆಕ್ಕವಿಲ್ಲದ ಡೋಸ್ ಆಗುತ್ತದೆ. ಗೊತ್ತಿಲ್ಲದೆ ಒಂದು ಪೆಗ್ ಹಾಕಿದರೆ ಜೀವಕ್ಕೇ ಕುತ್ತು. ಪುಡಿ ಬರಲಿಲ್ಲ. ಆದರೆ ಆ ಪ್ರಶ್ನೆ ಕೇಳಿದಾಗ ಅವರ ಮುಖದಲ್ಲಿ ಎಷ್ಟು ಸುಸ್ತಿತ್ತು ಅನ್ನುವುದು ನನಗೆ ಕಾಣಿಸಿತು. ಮನೆಯಲ್ಲಿ ಮಾತ್ರೆ ಕೊಡುವ ಹೊತ್ತಿಗೆ ದಿನಾ ಒಂದು ಜಗಳ.

ಗ್ಯಾರೇಜಿನಲ್ಲಿ ಆದದ್ದು

ಕಾಲಿನ ಪಟ್ಟಿ ಇರುವಷ್ಟು ದಿನ ಎಲ್ಲ ನೆಟ್ಟಗಿತ್ತು. ಜಡ್ಜ್ ಚಪ್ಪಾಳೆ ತಟ್ಟಿಸಿದರು. ಪಟ್ಟಿ ಬಿಚ್ಚಿದ ಮೇಲೆ ಮನೆಯ ನಾಲ್ಕು ದಿನದ ಮಾತ್ರೆ ಸಿಂಕಿಗೆ ಹೋಗತೊಡಗಿತು. ಸುಧಾ ಟಿಕ್ ಹಾಕುತ್ತಲೇ ಇದ್ದರು. ಆಮೇಲೆ ಕೇಳಿದಾಗ ಅವರು ಹೇಳಿದ್ದು: ‘ಟಿಕ್ ಹಾಕದಿದ್ದರೆ ಇವರು ಜೈಲಿಗೆ ಹೋಗ್ತಾರೆ. ಹಾಕಿದ್ರೆ ರಾತ್ರಿ ಮಕ್ಕಳು ನೆಮ್ಮದಿಯಾಗಿ ಊಟ ಮಾಡ್ತಾರೆ.’

ಐದನೇ ತಿಂಗಳಲ್ಲಿ ಒಂದು ಉದ್ದದ ರಜೆ ಬಂತು. ಪ್ರೊಬೇಷನ್ ಕಚೇರಿಗೂ ಬಾಗಿಲು. ಮೋಹನ್ ಎಂಜಿನಿಯರ್ ಅಲ್ವಾ, ಲೆಕ್ಕ ಹಾಕಿದರು. ಮಾತ್ರೆ ಬಿಟ್ಟು ಐದು ದಿನ ಕಳೆದರೆ ಸಾಕು ಅಂತ ಅವರ ಲೆಕ್ಕ. ನಿಜಕ್ಕೂ ಅದರ ಪರಿಣಾಮ ಕೊನೆಯ ಮಾತ್ರೆಯಾದ ಮೇಲೆ ಎರಡು ವಾರದವರೆಗೂ ಇರಬಹುದು. ಗ್ಯಾರೇಜಿನಲ್ಲಿ ಹಳೆಯ ಪೇಂಟ್ ಡಬ್ಬಿಗಳ ಹಿಂದೆ ಒಂದು ಬಾಟಲಿ ಇತ್ತು. ಬಣ್ಣ ಕಾಣಬಾರದೆಂದು ಸ್ಟೀಲ್ ಲೋಟಕ್ಕೆ ಹಾಕಿಕೊಂಡರು. ಎರಡನೇ ಲೋಟ ಮುಗಿಯುವ ಮೊದಲೇ ಮುಖ, ಕುತ್ತಿಗೆ ಬೆಂಕಿಯಾಯಿತು. ಸುಧಾ ಬಂದು ನೋಡಿದಾಗ ಸಿಮೆಂಟ್ ನೆಲದ ಮೇಲೆ ವಾಂತಿ ಮಾಡಿಕೊಂಡು ಬಿದ್ದಿದ್ದರು. 911ಕ್ಕೆ ಫೋನ್ ಹೋಯಿತು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಡ್ರಿಪ್ ಹಾಕಿ, ಎದೆಬಡಿತ ನೋಡುತ್ತಾ ಇಟ್ಟುಕೊಂಡರು. ಬದುಕಿದರು.

ಮುಂದಿನ ವಾರ ಕೋರ್ಟ್ ಎರಡು ರಾತ್ರಿ ಜೈಲು ಕೊಟ್ಟಿತು.

ಆ ವಾರದ ತಂಡದ ಸಭೆಯೇ ಈ ಪ್ರಕರಣದ ತಿರುವು. ಕಾರ್ಯಕ್ರಮದಿಂದಲೇ ತೆಗೆಯಿರಿ, ಹೆಂಡತಿಯೂ ಸುಳ್ಳು ಬರೆದಿದ್ದಾರೆ ಎಂದು ಸರ್ಕಾರಿ ವಕೀಲರ ವಾದ. ಮೋಹನ್ ಪರ ವಕೀಲರು ವಾದ ಮಾಡಲಿಲ್ಲ. ಫೈಲ್ ತೆಗೆದು, ‘ಈ ಮದ್ದನ್ನು ಆರಿಸಿದ್ದು ಯಾರು?’ ಅಂತ ಕೇಳಿದರು. ಡಾಕ್ಟರ್ ಅಲ್ಲ. ಮೋಹನ್ ಅಲ್ಲ. ಪುಟ ತಿರುಗಿಸುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ನಮ್ಮದೇ ಸಭೆಯ ಟಿಪ್ಪಣಿ. ಜಡ್ಜ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೆ ಮದ್ದು ಬರೆಯುವ ಲೈಸೆನ್ಸ್ ಇಲ್ಲ’ ಅಂದರು.

ಅವತ್ತು ಮೂರು ವಿಷಯ ತೀರ್ಮಾನವಾಯಿತು. ವ್ಯಸನ ಚಿಕಿತ್ಸೆಯಲ್ಲಿ ಪಳಗಿದ ಡಾಕ್ಟರ್ ಹತ್ತಿರ ಕಳಿಸುವುದು, ಯಾವ ಮದ್ದು, ಬೇಕಾ ಬೇಡವಾ ಅನ್ನುವುದು ಅವರಿಬ್ಬರಿಗೆ ಬಿಟ್ಟದ್ದು. ಮದ್ದು ಬೇಡ ಅಂದದ್ದಕ್ಕೆ, ಡೋಸ್ ತಪ್ಪಿದ್ದಕ್ಕೆ ಶಿಕ್ಷೆ ಇಲ್ಲ. ಕುಡಿದು ಮುಚ್ಚಿಟ್ಟರೆ ಇದೆ. ಸುಧಾ ಕೈಯಿಂದ ಹಾಳೆ ವಾಪಸ್. ಮೂರನೆಯದಕ್ಕೆ ಯಾರೂ ಹೆಚ್ಚು ಗಮನ ಕೊಡಲಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಕೆಲಸ ಮಾಡಿದ್ದು ಅದೇ.

ಎರಡನೇ ಪ್ರಯತ್ನ

ಹೊಸ ಡಾಕ್ಟರ್ ಮೊದಲು ಕೇಳಿದ್ದು ಕುಡಿತದ ಸ್ವರೂಪ. ಆಸೆ ಯಾವಾಗ ಬರುತ್ತೆ? ಮೊದಲ ಗುಟುಕು ಏನು ಮಾಡುತ್ತೆ? ಮೋಹನ್ ಹೇಳಿದ್ದು ನನಗೂ ಹೊಸದು. ‘ಒಂದಕ್ಕೆ ಏನೂ ಇಲ್ಲ. ಎರಡನೆಯದು ಒಳಗೆ ಹೋದ ಮೇಲೆ ಅದೇ ಎಳ್ಕೊಂಡು ಹೋಗುತ್ತೆ.’ ಅವರ ಅಪ್ಪ, ದೊಡ್ಡಪ್ಪ ಇಬ್ಬರೂ ಹಾಗೇ ಕುಡಿಯುತ್ತಿದ್ದವರು.

ಡಾಕ್ಟರ್ ಮೂರು ಮದ್ದುಗಳನ್ನು ಮುಂದಿಟ್ಟರು. ಡೈಸಲ್ಫಿರಾಂ ಬೇಡ ಎಂದು ಇಬ್ಬರೂ ಬಿಟ್ಟರು. ಅಕಾಂಪ್ರೊಸೇಟ್ ಲಿವರಿಗೆ ಹೊರೆಯಲ್ಲ, ಆದರೆ ದಿನಕ್ಕೆ ಮೂರು ಹೊತ್ತು ಎರಡೆರಡು ಮಾತ್ರೆ. ಮನೆಯಲ್ಲಿ ಮತ್ತೆ ಮಾತ್ರೆ ಎಣಿಸುವ ಕೆಲಸ ಶುರು. ಉಳಿದದ್ದು ನಾಲ್ಟ್ರೆಕ್ಸೋನ್. ಅದು ಮೆದುಳಿನ ಒಪಿಯಾಯ್ಡ್ ಗ್ರಾಹಕಗಳನ್ನು ಮುಚ್ಚುತ್ತದೆ. ಕುಡಿದಾಗ ಸಿಗುವ ಖುಷಿಯೇ ಮಂಕಾಗುತ್ತದೆ. ಕುಡಿದರೆ ವಾಂತಿಯಾಗುವುದಿಲ್ಲ, ಅಮಲು ಏರುವುದೂ ತಪ್ಪುವುದಿಲ್ಲ. ಎಳೆತ ಮಾತ್ರ ಕಮ್ಮಿಯಾಗುತ್ತದೆ. ಎರಡನೇ ಲೋಟ ಎಳೆದುಕೊಂಡು ಹೋಗುವವರಿಗೆ ಹೇಳಿ ಮಾಡಿಸಿದ್ದು.

ಅಮೆರಿಕದಲ್ಲಿ ಕುಡಿತದ ಚಿಕಿತ್ಸೆಗೆ ಇದರ ಮಾತ್ರೆಗೆ 1994ರಲ್ಲಿ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗೆ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಮೋಹನ್ ಆರಿಸಿಕೊಂಡದ್ದು ಇಂಜೆಕ್ಷನ್. ಕಾರಣ ಕೇಳಿದ್ದಕ್ಕೆ ‘ಮನೇಲಿ ಮಾತ್ರೆ ಡಬ್ಬಿ ಇರಲ್ಲ ಅಲ್ವಾ’ ಅಂದರು. ಅಷ್ಟೇ.

ಅದಕ್ಕೆ ಇನ್ಶೂರೆನ್ಸ್ ಒಪ್ಪಿಗೆ ಬೇಕು. ಒಂದು ಇಂಜೆಕ್ಷನ್‌ಗೆ ಸಾವಿರ ಡಾಲರಿಗೂ ಜಾಸ್ತಿ. ಫ್ಯಾಕ್ಸ್, ಫೋನ್, ಮತ್ತೆ ಫ್ಯಾಕ್ಸ್. ಅಲ್ಲಿಯವರೆಗೆ 50 ಮಿಲಿಗ್ರಾಂ ಮಾತ್ರೆ ನಡೆಯಿತು. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು, ಊಟದ ನಂತರ ತೆಗೆದುಕೊಂಡಾಗ ಸರಿಹೋಯಿತು. ಒಪಿಯಾಯ್ಡ್, ಅಂದರೆ ಮಾರ್ಫಿನ್ ಜಾತಿಯ ನೋವಿನ ಮಾತ್ರೆ ಯಾವುದೂ ನಡೆಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಅದು ಮೈಯಲ್ಲಿರುವಾಗ ನಾಲ್ಟ್ರೆಕ್ಸೋನ್ ಕೊಟ್ಟರೆ ಕೆಟ್ಟ ವಿತ್‌ಡ್ರಾಯಲ್, ಅಂದರೆ ಒಗ್ಗಿದ ಮದ್ದು ತಟ್ಟನೆ ನಿಂತಾಗಿನ ನರಳಾಟ ಆಗುತ್ತದೆ.

ಇಂಜೆಕ್ಷನ್ 380 ಮಿಲಿಗ್ರಾಂ, ನಾಲ್ಕು ವಾರಕ್ಕೊಮ್ಮೆ, ಒಂದು ಸಲ ಎಡ ಪಿರ್ರೆಗೆ, ಇನ್ನೊಂದು ಸಲ ಬಲಕ್ಕೆ. ಫ್ರಿಜ್‌ನಿಂದ ತೆಗೆದು ಮುಕ್ಕಾಲು ಗಂಟೆ ಹೊರಗಿಟ್ಟು, ಪುಡಿ ಮತ್ತು ದ್ರವ ಬೆರೆಸಿ, ನರ್ಸ್ ಜೋರಾಗಿ ಕುಲುಕುತ್ತಾರೆ. ಮಂದವಾದ ಮದ್ದು. ಸೂಜಿಯೂ ದಪ್ಪ. ಚುಚ್ಚಿದ ಜಾಗ ನಾಲ್ಕೈದು ದಿನ ಗಂಟು ಕಟ್ಟುತ್ತಿತ್ತು. ‘ಕೂತ್ಕೊಂಡಾಗಲೆಲ್ಲ ಕೋರ್ಟ್ ನೆನಪಾಗುತ್ತೆ’ ಅಂತ ಮೋಹನ್ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಡಾಕ್ಟರ್ ಕೋರ್ಟಿಗೆ ಕಳಿಸುತ್ತಿದ್ದದ್ದು ಒಂದೇ ಸಾಲು: ಭೇಟಿಗೆ ಬಂದರು, ಅಥವಾ ಬರಲಿಲ್ಲ. ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಅಲ್ಲಿ 42 ಸಿಎಫ್‌ಆರ್ ಪಾರ್ಟ್ 2 ಎಂಬ ಪ್ರತ್ಯೇಕ ಗೋಪ್ಯತೆಯ ನಿಯಮ ಇದೆ. ಏನು ಹಂಚಿಕೊಳ್ಳಬಹುದು ಅಂತ ರೋಗಿಯೇ ಬರೆದು ಒಪ್ಪಬೇಕು. ಮೊದಲ ಸಲವೂ ಸಹಿ ಹಾಕಿಸಿಕೊಂಡಿದ್ದರು. ಎರಡನೇ ಸಲ ಓದಿ ಹೇಳಿ ಹಾಕಿಸಿಕೊಂಡರು.

ಎರಡು ಬಿಯರ್

ಮೂರನೇ ಇಂಜೆಕ್ಷನ್ ಆದ ಮೇಲೆ ಒಂದು ಗೃಹಪ್ರವೇಶದ ಊಟದಲ್ಲಿ ಮೋಹನ್ ಎರಡು ಬಿಯರ್ ಕುಡಿದರು. ಸೋಮವಾರ ಬೆಳಿಗ್ಗೆ, ಯಾರೂ ಕೇಳುವ ಮೊದಲೇ, ನನಗೆ ಫೋನ್ ಮಾಡಿದರು. ‘ಕುಡಿದೆ. ಮಜಾನೇ ಬರ್ಲಿಲ್ಲ. ಮೂರನೇದು ಕೈಗೆ ಕೊಟ್ರು, ಅಲ್ಲೇ ಟೇಬಲ್ ಮೇಲಿಟ್ಟು ಬಂದೆ.’ ಮೂತ್ರದಲ್ಲಿ ಇಟಿಜಿ ಪರೀಕ್ಷೆಯೂ ಪಾಸಿಟಿವ್ ಬಂತು. ಕುಡಿದ ಎರಡು ಮೂರು ದಿನದ ನಂತರವೂ ಅದು ಹಿಡಿಯುತ್ತದೆ.

ಈಗ ತಂಡ ಇಬ್ಭಾಗವಾಯಿತು. ಇಲ್ಲೊಂದು ನಿಜವಾದ ತೊಡಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋರ್ಟಿನ ಅಳತೆ ಸೊನ್ನೆ. ಮದ್ದಿನ ಅಳತೆ ಬೇರೆ. 2005ರಲ್ಲಿ ಪ್ರಕಟವಾದ ಇಂಜೆಕ್ಷನ್ ಅಧ್ಯಯನದಲ್ಲಿ ಎಣಿಸಿದ್ದು ‘ಭಾರಿ ಕುಡಿತದ ದಿನ’ಗಳನ್ನು, ಗಂಡಸರಾದರೆ ದಿನಕ್ಕೆ ಐದು ಅಥವಾ ಹೆಚ್ಚು ಡ್ರಿಂಕ್. ಮದ್ದಿಲ್ಲದ ಹುಸಿ ಇಂಜೆಕ್ಷನ್ ತೆಗೆದುಕೊಂಡವರಿಗಿಂತ 380 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಅಂಥ ದಿನಗಳು ಸುಮಾರು 25%ರಷ್ಟು ಕಮ್ಮಿಯಾದವು. ಒಳ್ಳೆಯ ಫಲಿತಾಂಶವೇ. ಆದರೆ ಅದು ಸೊನ್ನೆಯಲ್ಲ. 2023ರ ದೊಡ್ಡ ವಿಮರ್ಶೆಯೊಂದರಲ್ಲಿ ನಾಲ್ಟ್ರೆಕ್ಸೋನ್ ಮಾತ್ರೆಯ ಲೆಕ್ಕ ಹೀಗಿತ್ತು: ಒಬ್ಬರು ಭಾರಿ ಕುಡಿತಕ್ಕೆ ಮರಳುವುದನ್ನು ತಪ್ಪಿಸಲು 11 ಜನರಿಗೆ ಕೊಡಬೇಕು, ಒಬ್ಬರು ಕುಡಿತವನ್ನೇ ಮುಟ್ಟದಂತೆ ನೋಡಿಕೊಳ್ಳಲು 18 ಜನರಿಗೆ. ಅಂದರೆ ಮೋಹನ್ ಮೇಲೆ ಮದ್ದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಐದಾರು ಲೋಟದ ಜಾಗದಲ್ಲಿ ಎರಡು, ಮುಚ್ಚಿಡುವ ಜಾಗದಲ್ಲಿ ಫೋನ್ ಕರೆ. ಕೋರ್ಟಿನ ಕಾಗದದಲ್ಲಿ ಮಾತ್ರ ಅದು ಗ್ಯಾರೇಜಿನ ರಾತ್ರಿಯಷ್ಟೇ ದೊಡ್ಡ ಉಲ್ಲಂಘನೆ.

ಸರ್ಕಾರಿ ವಕೀಲರ ಮಾತನ್ನು ತಳ್ಳಿಹಾಕುವಂತಿಲ್ಲ. ಎರಡು ಬಿಯರ್ ಕುಡಿದವರು ಮನೆಗೆ ಹೇಗೆ ಹೋದರು ಅಂತ ಅವರು ಕೇಳಿದರು. ಕಾರು ಓಡಿಸಿದ್ದು ಸುಧಾ. ಇಂಟರ್‌ಲಾಕ್ ದಾಖಲೆಯಲ್ಲಿ ಆ ಸಂಜೆಯ ಎಲ್ಲ ಊದುವಿಕೆಯೂ ಸೊನ್ನೆ, ಕ್ಯಾಮೆರಾದಲ್ಲಿ ಸುಧಾ ಮುಖ. ಇದನ್ನು ನೋಡಿದ ಮೇಲೆ ಜಡ್ಜ್ ಜೈಲು ಕೊಡಲಿಲ್ಲ. ಪರೀಕ್ಷೆಗಳನ್ನು ಹೆಚ್ಚಿಸಿದರು, ಕಾರ್ಯಕ್ರಮವನ್ನು ಮೂರು ತಿಂಗಳು ಉದ್ದ ಮಾಡಿದರು, ಹೇಳಿದ್ದಕ್ಕೆ ಕೋರ್ಟ್ ಹಾಲಿನಲ್ಲೇ ಮೆಚ್ಚುಗೆಯ ಮಾತಾಡಿದರು. ಸರ್ಕಾರಿ ವಕೀಲರಿಗೆ ಸಮಾಧಾನವಾಗಲಿಲ್ಲ. ಅದಾದ ಮೇಲೆ ಕುಡಿತ ಕಾಣಿಸಲಿಲ್ಲ. ಹಿಂದಿನ ಎರಡು ಮೂರು ವಾರಗಳ ಕುಡಿತವನ್ನು ತೋರಿಸುವ ಪೆತ್ ರಕ್ತಪರೀಕ್ಷೆಗಳೂ ಸ್ವಚ್ಛ.

ನಡುವೆ ಇನ್ನೊಂದು ಫಜೀತಿ. ಒಂದು ಮಧ್ಯರಾತ್ರಿ ಕಿಡ್ನಿ ಕಲ್ಲಿನ ನೋವು. ನಾಲ್ಟ್ರೆಕ್ಸೋನ್ ಇರುವಾಗ ಮಾರ್ಫಿನ್ ಜಾತಿಯ ನೋವುನಿವಾರಕ ಮಾಮೂಲಿ ಡೋಸಿನಲ್ಲಿ ನಾಟುವುದಿಲ್ಲ. ಡೋಸ್ ಏರಿಸುತ್ತಾ ಹೋದರೆ ಉಸಿರಾಟಕ್ಕೆ ಅಪಾಯ. ಪರ್ಸಿನಲ್ಲಿ ಇಟ್ಟುಕೊಳ್ಳಿ ಎಂದು ನರ್ಸ್ ಕೊಟ್ಟಿದ್ದ ಕಾರ್ಡನ್ನು ಸುಧಾ ತೋರಿಸಿದರು. ಆ ಜಾತಿಗೆ ಸೇರದ ಕೀಟೊರೊಲ್ಯಾಕ್ ಎಂಬ ನೋವುನಿವಾರಕ ಕೊಟ್ಟು ನೋವು ಇಳಿಸಿದರು. ಆ ಕಾರ್ಡ್ ಇಲ್ಲದಿದ್ದರೆ ಏನಾಗುತ್ತಿತ್ತೋ. ಕೋರ್ಟ್ ಕಳಿಸಿದ ರೋಗಿಗಳಿಗೆ ಇದನ್ನು ಕೂತು ವಿವರಿಸುವವರು ಕಮ್ಮಿ.

ಇದರಿಂದ ನಾವು ಬದಲಿಸಿಕೊಂಡದ್ದು

ಸಮಯದ ವಿಷಯ ಮೊದಲು. ಇಂಜೆಕ್ಷನ್‌ಗೆ ಮುಂಚೆ ಕುಡಿತ ನಿಂತಿದ್ದರೆ ಫಲ ಜಾಸ್ತಿ. ಕಾಲಿನ ಪಟ್ಟಿಯ 90 ದಿನ ಅಂಥದ್ದೇ ಅವಧಿ. ಮೊದಲ ಸಲ ಅದನ್ನು ನಾವು ಬರೀ ಕಾವಲಿಗೆ ಬಳಸಿದೆವು. ಈಗ ಡಾಕ್ಟರ್ ಭೇಟಿ, ಇನ್ಶೂರೆನ್ಸ್ ಕಾಗದ ಎರಡನ್ನೂ ಪಟ್ಟಿ ಕಟ್ಟಿದ ವಾರವೇ ಶುರು ಮಾಡುತ್ತೇವೆ. ಪಟ್ಟಿ ಬಿಚ್ಚುವ ಹೊತ್ತಿಗೆ ಮದ್ದು ಮೈಯಲ್ಲಿರುತ್ತದೆ, ರೋಗಿ ಒಪ್ಪಿದ್ದರೆ.

ಡೈಸಲ್ಫಿರಾಂ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ. ತಾವೇ ಕೇಳಿ ತೆಗೆದುಕೊಂಡು, ನೆಮ್ಮದಿಯಾಗಿರುವವರು ನಮ್ಮಲ್ಲೇ ಇದ್ದಾರೆ. ಕೇಳಿದ್ದು ಯಾರು ಅನ್ನುವುದರಲ್ಲಿದೆ ವ್ಯತ್ಯಾಸ. ಕೋರ್ಟಿನ ಆದೇಶದ ಫಾರಂನಲ್ಲಿ ಈಗ ಮದ್ದಿನ ಹೆಸರು ಬರೆಯುವ ಜಾಗವೇ ಇಲ್ಲ. ‘ವ್ಯಸನ ತಜ್ಞರನ್ನು ಭೇಟಿಯಾಗುವುದು’ ಎಂದಷ್ಟೇ ಇದೆ.

ಊರಿನ ಓದುಗರು ಕೇಳಬಹುದು, ನಮ್ಮಲ್ಲಿ ಇದೆಲ್ಲ ಸಾಧ್ಯವಾ ಅಂತ. ಭಾರತದಲ್ಲಿ ಮಿತಿ ಇನ್ನೂ ಕಟ್ಟುನಿಟ್ಟು, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಹೆಚ್ಚಿನವರು ದಂಡ ಕಟ್ಟಿ ಮನೆಗೆ ಹೋಗುತ್ತಾರೆ. ಮೋಹನ್ ಮೊದಲ ಸಲ ಹೋದ ಹಾಗೆಯೇ. ಡಿಡಬ್ಲ್ಯುಐ ಕೋರ್ಟ್ ಅನ್ನುವುದು ಇಲ್ಲದಿದ್ದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಲ್ಲಿ ಅಮಲು ಪದಾರ್ಥದಿಂದ ದೂರವಿರಬೇಕು ಎಂಬ ಷರತ್ತು ಹಾಕಿ ಬಿಡುವ ಅವಕಾಶ ಇದೆ. ಡೈಸಲ್ಫಿರಾಂ, ನಾಲ್ಟ್ರೆಕ್ಸೋನ್ ಎರಡರ ಮಾತ್ರೆಗಳೂ ಸಿಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಇವುಗಳ ನಡುವೆ ದಾರಿ ಹಾಕುವವರು ಬೇಕು. ಹಾಕುವಾಗ ಮಾತ್ರೆ ನುಂಗಿಸುವ ಕೆಲಸವನ್ನು ಹೆಂಡತಿಯ ತಲೆಗೆ ಕಟ್ಟದಿದ್ದರೆ ಸಾಕು.

ಮೋಹನ್ ಹನ್ನೆರಡು ಇಂಜೆಕ್ಷನ್ ಮುಗಿಸಿ, 21ನೇ ತಿಂಗಳಲ್ಲಿ ಕಾರ್ಯಕ್ರಮದಿಂದ ಹೊರಬಂದರು. ಇಂಜೆಕ್ಷನ್ ನಿಲ್ಲಿಸುವ ತೀರ್ಮಾನ ಡಾಕ್ಟರ್ ಜೊತೆ ಕೂತು ಮಾಡಿದ್ದು. ಈಗ ಮದುವೆ, ಹಬ್ಬ, ಆಫೀಸ್ ಪಾರ್ಟಿ ಇರುವ ವಾರಗಳಲ್ಲಿ ನಾಲ್ಟ್ರೆಕ್ಸೋನ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಅದನ್ನು ಆಫೀಸ್ ಬ್ಯಾಗಿನಲ್ಲಿ ತಾವೇ ಇಟ್ಟುಕೊಳ್ಳುತ್ತಾರೆ. ಕಾರಿನ ಇಂಟರ್‌ಲಾಕ್ ಇನ್ನೂ ಕೆಲವು ತಿಂಗಳು ಇರುತ್ತದೆ. ಪೌರತ್ವದ ಅರ್ಜಿ ಹಾಕಿಲ್ಲ. ಇನ್ನೂ ಸ್ವಲ್ಪ ವರ್ಷ ಕಾಯಿರಿ ಎಂದು ವಲಸೆ ವಕೀಲರು ಹೇಳಿದ್ದಾರೆ.